ಓಸಾತ್ಸುವಿನ ಕಲ್ಲುದೇವರ ಗುಡಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾಗೋಯಾದಲ್ಲಿ ನೆಲೆಸಿದ ಮೇಲೆ ನಾನು ಮತ್ತೆ ಮತ್ತೆ ಹೋಗುವ ಒಂದು ಪುಟ್ಟ ಗುಡಿ ಇದೆ. ಊರಿನಿಂದ ಬಂದ ನೆಂಟರನ್ನೂ ಇಲ್ಲಿನ ಕನ್ನಡದ ಗೆಳತಿಯರನ್ನೂ ಕರೆದುಕೊಂಡು ಹೋಗಿದ್ದೇನೆ. ಹೊರಡುವ ಮೊದಲು ಎಲ್ಲರೂ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆ ಕೇಳುತ್ತಾರೆ. ಅವುಗಳಿಗೆ ನನಗೆ ತಿಳಿದಷ್ಟು ಉತ್ತರ ಇಲ್ಲಿದೆ.

ಇದು ಯಾವ ಗುಡಿ? ಎಲ್ಲಿದೆ?

ಜಪಾನಿನ ಮಿಎ ಪ್ರಾಂತ್ಯದಲ್ಲಿ, ತೊಬಾ ನಗರಕ್ಕೆ ಸೇರಿದ ಓಸಾತ್ಸು ಎಂಬ ಕಡಲ ಹಳ್ಳಿಯಲ್ಲಿದೆ. ಊರಿನ ಗುಡಿಯ ಹೆಸರು ಶಿನ್‌ಮೆಯ್. ಅದರ ಮುಖ್ಯ ದೇವತೆ ಸೂರ್ಯದೇವಿ ಅಮತೆರಾಸು. ಆದರೆ ಜನ ದೂರದಿಂದ ಹುಡುಕಿಕೊಂಡು ಬರುವುದು ಅದೇ ಆವರಣದಲ್ಲಿರುವ ಇನ್ನೊಂದು ಸಣ್ಣ ಗುಡಿಗೆ. ಅದನ್ನು ಇಶಿಗಾಮಿ-ಸಾನ್ ಎನ್ನುತ್ತಾರೆ. ಇಶಿ ಎಂದರೆ ಕಲ್ಲು, ಕಾಮಿ ಎಂದರೆ ದೇವರು. ನಮ್ಮ ಮಾತಿನಲ್ಲಿ ಕಲ್ಲುದೇವರು. ಹೆಣ್ಣುಮಕ್ಕಳು ಬೇಡಿಕೊಂಡ ಒಂದು ಹರಕೆಯನ್ನು ಈ ದೇವರು ನಡೆಸಿಕೊಡುತ್ತದೆ ಎಂಬ ನಂಬಿಕೆ ಇದೆ.

ಹೋಗುವುದು ಹೇಗೆ?

ನಾಗೋಯಾದಿಂದ ಕಿಂತೆತ್ಸು ರೈಲಿನ ವೇಗದ ಗಾಡಿಯಲ್ಲಿ ತೊಬಾ ನಿಲ್ದಾಣಕ್ಕೆ ಸುಮಾರು ಒಂದೂವರೆಯಿಂದ ಒಂದೂಮುಕ್ಕಾಲು ಗಂಟೆ ಬೇಕು. ಒಸಾಕಾ ಕಡೆಯಿಂದ ಸುಮಾರು ಎರಡು ಗಂಟೆ. ತೊಬಾದಿಂದ ಕಾಮೊಮೆ ಬಸ್ ಹಿಡಿದು ಓಸಾತ್ಸುವಿನಲ್ಲಿ ಇಳಿಯಬೇಕು. ಸುಮಾರು ನಲವತ್ತು ನಿಮಿಷದ ದಾರಿ. ಕಾಮೊಮೆ ಎಂದರೆ ಕಡಲಹಕ್ಕಿ. ಇಳಿದ ಮೇಲೆ ಹತ್ತು ನಿಮಿಷದೊಳಗಿನ ನಡಿಗೆ. ಬಸ್ಸುಗಳು ವಿರಳ. ಆದ್ದರಿಂದ ಇಳಿದ ತಕ್ಷಣ ಮೊದಲು ಹಿಂದಿರುಗುವ ಬಸ್ಸಿನ ಸಮಯವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಸಂಜೆ ತಡವಾದರೆ ತಾಯಿತ ಕೊಡುವ ಕಟ್ಟೆಯೂ ಮುಚ್ಚಿರುತ್ತದೆ, ಬಸ್ಸೂ ತಪ್ಪುತ್ತದೆ.

ಇಷ್ಟು ಸಣ್ಣ ಗುಡಿಗೆ ಹೆಣ್ಣುಮಕ್ಕಳ ಗುಡಿ ಎಂಬ ಹೆಸರು ಹೇಗೆ ಬಂತು?

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಅಲ್ಲಿಗೆ ಹೋಗಬಾರದು ಎನ್ನುವುದು ನನ್ನ ಅಭಿಪ್ರಾಯ.

ಓಸಾತ್ಸು ಆಮಾಗಳ ಊರು. ಆಮಾ ಎಂದರೆ ಉಸಿರು ಕಟ್ಟಿ ಕಡಲಿಗೆ ಮುಳುಗಿ ಆವಾಬಿ, ಸಾಜಾಎ ಎಂಬ ಚಿಪ್ಪುಜೀವಿಗಳನ್ನೂ ಕಡಲಪಾಚಿಯನ್ನೂ ಕಿತ್ತು ತರುವ ಹೆಂಗಸರು. ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಇರುವುದಿಲ್ಲ. ಒಂದು ಮುಳುಗು ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು; ಅವರೇ ಅದನ್ನು ಐವತ್ತು ಸೆಕೆಂಡಿನ ಪಂದ್ಯ ಎನ್ನುತ್ತಾರೆ. ಕೆಳಗೆ ಹೋಗಿ ಬಂಡೆಯ ಸಂದಿನಲ್ಲಿ ಅಂಟಿಕೊಂಡ ಆವಾಬಿಯನ್ನು ಕಬ್ಬಿಣದ ಉಳಿಯಿಂದ ಎಬ್ಬಿಸಿ, ಉಸಿರು ಮುಗಿಯುವ ಮುನ್ನ ಮೇಲೆ ಬರಬೇಕು. ಉಳಿ ಬಂಡೆಗೆ ಸಿಕ್ಕಿಕೊಂಡರೆ, ಹಗ್ಗ ಪಾಚಿಗೆ ಸುತ್ತಿಕೊಂಡರೆ, ಇನ್ನೊಂದೇ ಒಂದು ಚಿಪ್ಪು ತರೋಣ ಎಂದು ಆಸೆಪಟ್ಟರೆ ಅಲ್ಲಿಗೆ ಮುಗಿಯಿತು. ದಡದಿಂದಲೇ ಈಜಿಕೊಂಡು ಹೋಗುವವರನ್ನು ಕಾಚಿದೊ ಎನ್ನುತ್ತಾರೆ, ದೋಣಿಯಲ್ಲಿ ಹೋಗುವವರನ್ನು ಫುನಾದೊ. ದೋಣಿಯಲ್ಲಿ ಹೆಚ್ಚಾಗಿ ಗಂಡನೇ ಜೊತೆಗಿರುತ್ತಾನೆ. ಹೆಂಡತಿ ನೀರೊಳಗಿನಿಂದ ಹಗ್ಗ ಜಗ್ಗಿದ ಕೂಡಲೇ ಮೇಲೆ ಎಳೆದುಕೊಳ್ಳುವುದು ಅವನ ಕೆಲಸ. ಆ ಹಗ್ಗವನ್ನು ಹಿಡಿದ ಕೈ ಒಂದು ಕ್ಷಣ ಮೈಮರೆಯುವಂತಿಲ್ಲ.

ಅಂಥ ಹೆಂಗಸರು ಕಡಲಿಗೆ ಇಳಿಯುವ ಮುನ್ನ ಬಂದು ಕೈಮುಗಿಯುತ್ತಿದ್ದ ಕಲ್ಲು ಇದು. ಈಗಲೂ ಬರುತ್ತಾರೆ. ಅವರ ಹರಕೆ ಇವತ್ತು ಮೇಲೆ ಬಂದು ಮನೆ ಸೇರಬೇಕು ಎನ್ನುವುದು. ನಾವು ಬೇಡುವ ಮದುವೆ, ಕೆಲಸ, ಮಕ್ಕಳು ಇವೆಲ್ಲ ಆ ಹರಕೆಯ ಬೆನ್ನಿಗೆ ಬಂದವು. ಇದು ತಿಳಿದಿದ್ದರೆ ಗುಡಿಯ ಮುಂದೆ ನಿಲ್ಲುವ ರೀತಿಯೇ ಬದಲಾಗುತ್ತದೆ.

ಕಲ್ಲುದೇವರು ಎಂದರೆ ಯಾರು?

ಇಲ್ಲಿ ನೆಲೆಸಿರುವುದು ತಾಮಾಯೊರಿ-ಹಿಮೆ. ಜಪಾನಿನ ಪುರಾಣದಲ್ಲಿ ಅವಳು ಕಡಲ ದೇವರ ಮಗಳು, ಮೊದಲ ಚಕ್ರವರ್ತಿ ಎನ್ನಲಾಗುವ ಜಿಮ್ಮುವಿನ ತಾಯಿ. ಕಡಲ ಮನೆಯ ಮಗಳು ಕಡಲಿಗೆ ಇಳಿಯುವ ಹೆಣ್ಣುಮಕ್ಕಳನ್ನು ಕಾಯುತ್ತಾಳೆ.

ಅಮತೆರಾಸುವಿನ ಜೊತೆ ಶಿನ್‌ಮೆಯ್ ಗುಡಿಯಲ್ಲಿ ಇನ್ನೂ 25 ದೇವತೆಗಳಿದ್ದಾರೆ. ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ದೇವರೇ ಎಂದು ಕೇಳುವವರಿಗೆ ಒಂದು ವಿಷಯ ಹೇಳಬೇಕು. 1906ರಲ್ಲಿ ಜಪಾನಿನ ಸರ್ಕಾರ ಸಣ್ಣ ಸಣ್ಣ ಗುಡಿಗಳನ್ನು ಒಂದುಗೂಡಿಸಲು ಆಜ್ಞೆ ಹೊರಡಿಸಿತು. ಅದನ್ನು ಅತ್ಯಂತ ಕಟ್ಟುನಿಟ್ಟಾಗಿ ನಡೆಸಿದ ಪ್ರಾಂತ್ಯಗಳಲ್ಲಿ ಮಿಎ ಒಂದು. ಮರದ ಬುಡದಲ್ಲಿ, ಕೊಲ್ಲಿಯ ತುದಿಯಲ್ಲಿ ಇದ್ದ ಎಷ್ಟೋ ಕೇರಿದೇವರುಗಳು ಹಾಗೆ ತಮ್ಮ ಜಾಗ ಬಿಟ್ಟು ಬೇರೆ ಗುಡಿಗೆ ಸೇರಬೇಕಾಯಿತು. ಈ ಪ್ರಾಂತ್ಯದಲ್ಲಿ ಒಂದೇ ಸೂರಿನಡಿ ಹಲವು ದೇವರ ಹೆಸರು ಕಂಡಾಗಲೆಲ್ಲ ನನಗೆ ಆ ಬರಿದಾದ ಜಾಗಗಳು ನೆನಪಾಗುತ್ತವೆ.

ತಾಯಿತದ ಮೇಲಿನ ನಕ್ಷತ್ರ ಮತ್ತು ಜಾಲರಿ ಏನು?

ಗುಡಿಯಲ್ಲಿ ಸಿಗುವ ಪುಟ್ಟ ಬಟ್ಟೆಯ ತಾಯಿತದ ಮೇಲೆ ಎರಡು ಗುರುತುಗಳಿರುತ್ತವೆ. ಐದು ಮೂಲೆಯ ನಕ್ಷತ್ರಕ್ಕೆ ಸೆಯ್‌ಮಾನ್ ಎಂದು ಹೆಸರು. ಅಡ್ಡ ಐದು, ಉದ್ದ ನಾಲ್ಕು ಗೆರೆಗಳ ಜಾಲರಿಗೆ ದೋಮಾನ್. ಸಾವಿರ ವರ್ಷದ ಹಿಂದಿನ ಪ್ರಸಿದ್ಧ ಜ್ಯೋತಿಷಿ ಅಬೆ ನೊ ಸೆಯ್‌ಮೆಯ್ ಮತ್ತು ಕಥೆಗಳಲ್ಲಿ ಅವನ ಎದುರಾಳಿಯಾಗಿ ಬರುವ ಆಶಿಯಾ ದೋಮಾನ್ ಇವರಿಬ್ಬರಿಂದ ಈ ಹೆಸರು ಬಂತು ಎನ್ನುತ್ತಾರೆ.

ಆಮಾಗಳು ಕೊಡುವ ಅರ್ಥ ನನಗೆ ಇನ್ನೂ ಇಷ್ಟ. ನಕ್ಷತ್ರವನ್ನು ಕೈಯೆತ್ತದೆ ಒಂದೇ ಗೆರೆಯಲ್ಲಿ ಬರೆಯಬಹುದು. ಗೆರೆ ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಹಾಗೆಯೇ ಮುಳುಗಿದವಳೂ ಹೊರಟಲ್ಲಿಗೆ ಬರಲಿ ಎಂಬ ಬೇಡಿಕೆ ಅದು. ಜಾಲರಿಯಲ್ಲಿ ಕಣ್ಣುಗಳು ಬಹಳ. ಅಷ್ಟು ಕಣ್ಣು ಕಾಯುತ್ತಿರುವಾಗ ಕೆಟ್ಟದ್ದು ಒಳಗೆ ನುಸುಳಲಾರದು. ನಮ್ಮ ಹೆಂಗಸರು ಅಂಗಳದಲ್ಲಿ ಚುಕ್ಕಿಯಿಟ್ಟು ಎಳೆಯುವ ರಂಗೋಲಿಯ ಎಳೆ ಕೂಡ ಹೊರಟಲ್ಲಿಗೇ ಬಂದು ಕೂಡುತ್ತದಲ್ಲವೇ? ಇವೆರಡಕ್ಕೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮೊದಲ ಸಲ ನೋಡಿದಾಗ ನನ್ನ ಬೆರಳು ತಾನಾಗಿ ಆ ಗೆರೆಯ ಮೇಲೆ ಓಡಿತು.

ಹಿಂದೆ ಆಮಾಗಳು ಈ ಗುರುತುಗಳನ್ನು ತಲೆಗೆ ಕಟ್ಟುವ ಬಿಳಿ ಬಟ್ಟೆಯ ಮೇಲೆ ಹಾಕಿಕೊಳ್ಳುತ್ತಿದ್ದರು. ಬಣ್ಣ ಕಡಲಿನದೇ. ಇಬೊನಿಶಿ ಎಂಬ ಸಣ್ಣ ಶಂಖದ ಹುಳುವಿನ ರಸವನ್ನು ಹಚ್ಚಿ ಬಿಸಿಲಿಗೆ ಹಿಡಿದರೆ ಅದು ನಿಧಾನವಾಗಿ ನೇರಳೆಗೆ ತಿರುಗುತ್ತದೆ. ಕಡಲ ನೀರಿಗೂ ಬಿಡದ ಬಣ್ಣ.

ಅವರಿಗೆ ಕಡಲಿನಲ್ಲಿ ಯಾವುದರ ಭಯ?

ಅಲೆ, ಸೆಳೆತ, ಶಾರ್ಕ್ ಮೀನು ಇವೆಲ್ಲದರ ಭಯ ಇದ್ದೇ ಇದೆ. ಅದಕ್ಕಿಂತ ದೊಡ್ಡ ಭಯ ತೊಮೊಕಾಜುಕಿಯದು. ಮೋಡ ಕವಿದ ದಿನ ಒಬ್ಬಳೇ ಮುಳುಗಿದಾಗ ತನ್ನದೇ ರೂಪದ, ತನ್ನಂತೆಯೇ ಉಡುಪು ತೊಟ್ಟ ಇನ್ನೊಬ್ಬಳು ನೀರಿನೊಳಗೆ ಕಾಣಿಸುತ್ತಾಳಂತೆ. ನಕ್ಕು, ಆವಾಬಿ ಕೊಡುತ್ತೇನೆ ಬಾ ಎಂದು ಇನ್ನೂ ಆಳಕ್ಕೆ ಕರೆಯುತ್ತಾಳಂತೆ. ಹೋದವರು ಬರುವುದಿಲ್ಲ. ಅವಳ ತಲೆಪಟ್ಟಿಯ ತುದಿ ಉದ್ದವಾಗಿರುತ್ತದೆ, ಅದೇ ಗುರುತು ಎಂದು ಹಳೆಯ ಆಮಾಗಳು ಎಳೆಯರಿಗೆ ಹೇಳಿಕೊಡುತ್ತಿದ್ದರು. ಉಸಿರು ಕಡಿಮೆಯಾದ ಮಿದುಳಿಗೆ ಏನು ಕಾಣುತ್ತದೆ ಎಂದು ವೈದ್ಯರು ವಿವರಿಸಬಹುದು. ಆದರೆ ‘ಇನ್ನೊಂದು ಆವಾಬಿ’ ಎಂಬ ಆಸೆ ನಮ್ಮದೇ ಮುಖ ಹೊತ್ತು ಬರುತ್ತದೆ ಎಂದು ಈ ಹೆಂಗಸರು ಕಂಡುಕೊಂಡಿದ್ದಾರಲ್ಲ, ಅದರ ಮುಂದೆ ನಾನು ತಲೆಬಾಗುತ್ತೇನೆ. ತಾಯಿತ ಇರುವುದು ಇದಕ್ಕೆ.

ಗಂಡಸರು ಹೋಗಬಹುದೇ?

ಖಂಡಿತ ಹೋಗಬಹುದು, ಕೈಮುಗಿಯಬಹುದು. ಶಿನ್‌ಮೆಯ್ ಇಡೀ ಊರಿನ ಗುಡಿ. ಒಂದು ಹರಕೆಯ ಮಾತು ಹೆಂಗಸರದು, ಅಷ್ಟೇ.

ನಾವು ಹಿಂದೂಗಳು. ಅಲ್ಲಿ ಪ್ರಾರ್ಥಿಸಿದರೆ ಅವರಿಗೆ ಬೇಸರವಾಗುತ್ತದೆಯೇ?

ಇಲ್ಲ. ನಿಮ್ಮ ಧರ್ಮ ಯಾವುದು ಎಂದು ಯಾರೂ ಕೇಳುವುದಿಲ್ಲ. ಜಪಾನಿನಲ್ಲಿ ಒಂದೇ ಮನೆಯವರು ಅಲ್ಲಿನ ನಾಡಧರ್ಮವಾದ ಶಿಂತೋದ ಗುಡಿಗೂ ಬೌದ್ಧ ದೇವಾಲಯಕ್ಕೂ ಹೋಗುತ್ತಾರೆ. ಇದೇ ಆಮಾಗಳು ಹತ್ತಿರದ ಆಒಮಿನೆ ಬೆಟ್ಟದ ಮೇಲಿರುವ ಶೋಫುಕು-ಜಿ ಎಂಬ ಬೌದ್ಧ ದೇವಾಲಯಕ್ಕೂ ನಡೆದುಕೊಳ್ಳುತ್ತಾರೆ. ಅಲ್ಲಿನ ಹನ್ನೊಂದು ಮುಖದ ಕನ್ನೊನ್ ಮೂರ್ತಿ ತಿಮಿಂಗಿಲದ ಬೆನ್ನೇರಿ ಓಸಾತ್ಸುವಿನ ದಡಕ್ಕೆ ಬಂತು ಎಂಬ ಐತಿಹ್ಯವಿದೆ. ಹನ್ನೊಂದು ಮುಖದ ಕನ್ನೊನ್ ಎಂದರೆ ನಮ್ಮ ನೆಲದಿಂದಲೇ ಹೊರಟ ಅವಲೋಕಿತೇಶ್ವರನ ಒಂದು ರೂಪ.

ಚಪ್ಪಲಿ ಬಿಡಬೇಕೇ?

ಬೇಡ. ಗುಡಿಯ ಅಂಗಳದಲ್ಲಿ ಪಾದರಕ್ಷೆ ಹಾಕಿಕೊಂಡೇ ನಡೆಯುತ್ತಾರೆ, ದೇವರ ಮುಂದೆ ನಿಲ್ಲುವಾಗಲೂ ಹಾಕಿಕೊಂಡೇ ಇರುತ್ತಾರೆ. ವಿಶೇಷ ಪೂಜೆಗೆಂದು ಒಳಗಿನ ಮಂಟಪಕ್ಕೆ ಕರೆದರೆ ಮಾತ್ರ ಬಿಚ್ಚಬೇಕು.

ನನ್ನ ಅಮ್ಮನಿಗೆ ಇದನ್ನು ಒಪ್ಪಿಸಲು ಆಗಲಿಲ್ಲ. ಡಿಸೆಂಬರಿನ ಚಳಿಯಲ್ಲಿ ಅವಳು ತೋರಿ ಎಂಬ ಕಂಬಗಳ ಹೆಬ್ಬಾಗಿಲ ಹೊರಗೇ ಚಪ್ಪಲಿ ಕಳಚಿ, ಕಾಲುಚೀಲದಲ್ಲೇ ಕಲ್ಲುಹಾಸಿನ ಮೇಲೆ ನಡೆದಳು. ಹಿಂದಿರುಗಿ ಬಂದಾಗ ಯಾರೋ ಅವಳ ಚಪ್ಪಲಿಗಳನ್ನು ಜೋಡಿಸಿ, ಹಾಕಿಕೊಳ್ಳಲು ಅನುಕೂಲವಾಗುವಂತೆ ತಿರುಗಿಸಿ ಇಟ್ಟಿದ್ದರು. ಬದಿಯಲ್ಲಿ ಒಬ್ಬ ಅಜ್ಜಿ ಪೊರಕೆ ಹಿಡಿದು ಎಲೆ ಗುಡಿಸುತ್ತಿದ್ದರು. ಇಬ್ಬರಿಗೂ ಭಾಷೆ ಇರಲಿಲ್ಲ. ಅಮ್ಮ ಕೈಮುಗಿದಳು, ಅವರು ಸೊಂಟ ಬಾಗಿಸಿದರು.

ಬಾಗಿಲಲ್ಲಿರುವ ನೀರು ತೀರ್ಥವೇ? ಕುಡಿಯಬಹುದೇ?

ಕುಡಿಯುವುದಲ್ಲ, ಮಡಿಯಾಗುವುದಕ್ಕೆ ಇರುವ ನೀರು. ತೋರಿಯ ಮುಂದೆ ಒಮ್ಮೆ ತಲೆಬಾಗಿ, ದಾರಿಯ ನಟ್ಟನಡುವೆ ಬಿಟ್ಟು ಬದಿಯಲ್ಲಿ ನಡೆಯಿರಿ. ನಡುವಿನ ದಾರಿ ದೇವರದು. ನೀರಿನ ತೊಟ್ಟಿಯ ಹತ್ತಿರ ಸೌಟು ಇದ್ದರೆ ಬಲಗೈಯಲ್ಲಿ ಹಿಡಿದು ಎಡಗೈ ತೊಳೆಯಿರಿ, ಆಮೇಲೆ ಕೈ ಬದಲಿಸಿ ಬಲಗೈ. ಎಡ ಬೊಗಸೆಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ, ತೊಟ್ಟಿಯೊಳಗಲ್ಲದೆ ಹೊರಗೆ ಮೆಲ್ಲಗೆ ಬಿಡಿ. ಸೌಟಿಗೆ ನೇರವಾಗಿ ಬಾಯಿ ಹಚ್ಚಬಾರದು; ಇದು ನಮಗೆ ಎಂಜಲಿನ ಲೆಕ್ಕದಲ್ಲಿ ಸುಲಭವಾಗಿ ಅರ್ಥವಾಗುತ್ತದೆ. ಕೊನೆಗೆ ಎಡಗೈಯನ್ನು ಇನ್ನೊಮ್ಮೆ ತೊಳೆದು, ಸೌಟನ್ನು ನೆಟ್ಟಗೆ ನಿಲ್ಲಿಸಿ ಉಳಿದ ನೀರು ಹಿಡಿಯ ಮೇಲೆ ಇಳಿಯುವಂತೆ ಮಾಡಿ ಇಡಿ. ಮುಂದೆ ಬರುವವರಿಗಾಗಿ ಹಿಡಿ ತೊಳೆಯುವ ಕ್ರಮ ಅದು. ಕೊರೊನಾ ಬಂದ ಮೇಲೆ ಹಲವು ಗುಡಿಗಳಲ್ಲಿ ಸೌಟು ತೆಗೆದಿದ್ದಾರೆ. ಹರಿಯುವ ನೀರಿಗೆ ಕೈಯೊಡ್ಡಿದರೆ ಸಾಕು.

ನಮಸ್ಕಾರದ ಕ್ರಮ ಏನು? ಪ್ರದಕ್ಷಿಣೆ, ಮಂಗಳಾರತಿ, ಪ್ರಸಾದ ಇವೆಯೇ?

ನಾಣ್ಯವನ್ನು ಪೆಟ್ಟಿಗೆಗೆ ಹಾಕಿ. ಎರಡು ಸಲ ಸೊಂಟ ಬಾಗಿಸಿ ವಂದಿಸಿ, ಎರಡು ಸಲ ಚಪ್ಪಾಳೆ ತಟ್ಟಿ, ಕೈ ಜೋಡಿಸಿಕೊಂಡೇ ಬೇಡಿಕೊಳ್ಳಿ. ಮತ್ತೊಂದು ಸಲ ಬಾಗಿ ಹಿಂದೆ ಸರಿಯಿರಿ. ಐದು ಯೆನ್ನಿನ ನಾಣ್ಯ ಹಾಕುವುದು ರೂಢಿ, ಏಕೆಂದರೆ ‘ಗೊಎನ್’ ಎಂಬ ಮಾತಿಗೆ ಐದು ಯೆನ್ ಎಂದೂ ಋಣಾನುಬಂಧ ಎಂದೂ ಎರಡು ಅರ್ಥ.

ಪ್ರದಕ್ಷಿಣೆಯಿಲ್ಲ, ಆರತಿಯಿಲ್ಲ, ಕುಂಕುಮವಿಲ್ಲ, ಕೈಗೆ ಪ್ರಸಾದ ಬೀಳುವುದಿಲ್ಲ. ಮುಖ್ಯ ಗುಡಿಯಲ್ಲಿ ಒಳಗಿನ ದೇವರು ಕಾಣುವುದೂ ಇಲ್ಲ. ಕಣ್ತುಂಬ ದರ್ಶನಕ್ಕೆ ಹಾತೊರೆಯುವ ನಮಗೆ ಇದು ಮೊದಲು ಖಾಲಿ ಅನ್ನಿಸುತ್ತದೆ. ತೆಂಗಿನಕಾಯಿ, ಊದಿನಕಡ್ಡಿ ಕೊಂಡೊಯ್ಯಬೇಡಿ. ಕಾಯಿ ಒಡೆಯಲು ಜಾಗವಿಲ್ಲ, ಊದಿನಕಡ್ಡಿ ಬೌದ್ಧ ದೇವಾಲಯದ ರೂಢಿ.

ಹರಕೆ ಬರೆಯುವುದು ಹೇಗೆ?

ಗುಡಿಯಲ್ಲಿ ಗುಲಾಬಿ ಬಣ್ಣದ ಚೀಟಿ ಇಟ್ಟಿರುತ್ತಾರೆ. ಒಂದೇ ಒಂದು ಹರಕೆ ಬರೆದು ಇಶಿಗಾಮಿ-ಸಾನ್ ಮುಂದಿನ ಪೆಟ್ಟಿಗೆಗೆ ಹಾಕಿ ಕೈಮುಗಿಯಬೇಕು. ಯಾವ ಭಾಷೆಯಲ್ಲಿ ಎಂದು ಕೇಳುತ್ತಾರೆ. ನಾನು ಕನ್ನಡದಲ್ಲೇ ಬರೆಯುತ್ತೇನೆ.

ಒಂದನ್ನೇ ಆರಿಸುವುದು ಎಷ್ಟು ಕಷ್ಟ ಎನ್ನುವುದು ಪೆನ್ನು ಹಿಡಿದ ಮೇಲೆ ತಿಳಿಯುತ್ತದೆ. ನನ್ನ ಜೊತೆ ಬಂದ ಗೆಳತಿಯೊಬ್ಬಳು ಕಾಲು ಗಂಟೆ ಸುಮ್ಮನೆ ನಿಂತಿದ್ದಳು. ಬಸ್ಸಿನಲ್ಲೇ ಯೋಚಿಸಿಟ್ಟುಕೊಳ್ಳಿ, ಹಿಂದೆ ಸಾಲಿನಲ್ಲಿ ಕಾಯುವವರಿರುತ್ತಾರೆ. ಪೆಟ್ಟಿಗೆಯ ಹತ್ತಿರ ಬಾಗಿ ಇನ್ನೊಬ್ಬರ ಚೀಟಿ ಓದುವುದು, ಬರೆಯುವವರ ಫೋಟೊ ತೆಗೆಯುವುದು ದಯವಿಟ್ಟು ಬೇಡ. ಗುಡಿಯ ಹೊರನೋಟದ ಫೋಟೊಗೆ ಅಡ್ಡಿಯಿಲ್ಲ.

ಮುಟ್ಟಾಗಿದ್ದರೆ, ಸೂತಕವಿದ್ದರೆ ಹೋಗಬಹುದೇ?

ಹೆಂಗಸರು ಕಿವಿಯ ಹತ್ತಿರ ಬಂದು ಕೇಳುವ ಪ್ರಶ್ನೆ ಇದು. ಜಪಾನಿನ ಹಳೆಯ ಕಾಲದಲ್ಲಿಯೂ ಮುಟ್ಟು, ಹೆರಿಗೆಗಳನ್ನು ಮೈಲಿಗೆಯೆಂದು ದೂರವಿಟ್ಟಿದ್ದರು. ಇಂದು ಈ ಗುಡಿಗೆ ಬರುವವರನ್ನು ಯಾರೂ ಕೇಳುವುದಿಲ್ಲ, ತಡೆಯುವುದಿಲ್ಲ. ಸಾವಿನ ಸೂತಕ ಮಾತ್ರ ಈಗಲೂ ಉಳಿದಿದೆ. ಹತ್ತಿರದವರು ತೀರಿಕೊಂಡ ಮೇಲೆ ಐವತ್ತು ದಿನ ಶಿಂತೋ ಗುಡಿಯ ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು ಅವರ ಸಾಮಾನ್ಯ ರೂಢಿ. ಅಂಥ ಮನೆಯವರು ಹೊರಟಿದ್ದರೆ ಪ್ರವಾಸವನ್ನು ಸ್ವಲ್ಪ ಮುಂದಕ್ಕೆ ಹಾಕಿ ಎಂದೇ ನಾನು ಹೇಳುತ್ತೇನೆ.

ತಾಯಿತವನ್ನು ಊರಿಗೆ ತಂದ ಮೇಲೆ ಏನು ಮಾಡಬೇಕು?

ಬಿಚ್ಚಿ ಒಳಗೆ ನೋಡಬೇಡಿ. ಚೀಲಕ್ಕೋ ಪರ್ಸಿಗೋ ಇಟ್ಟುಕೊಳ್ಳಿ. ವರ್ಷ ಕಳೆದ ಮೇಲೆ ಗುಡಿಗೆ ಹಿಂದಿರುಗಿಸಿ ಕೃತಜ್ಞತೆ ಹೇಳುವುದು ಜಪಾನೀಯರ ಪದ್ಧತಿ. ಹಳೆಯವನ್ನು ಗುಡಿಯಲ್ಲಿ ಕ್ರಮದಂತೆ ಸುಡುತ್ತಾರೆ. ಭಾರತಕ್ಕೆ ಒಯ್ದವರು ದೇವರ ಮನೆಯಲ್ಲಿ ಇಟ್ಟುಕೊಂಡಿದ್ದು, ಜಪಾನಿಗೆ ಬರುವವರ ಕೈಯಲ್ಲಿ ಕಳಿಸಬಹುದು. ನನ್ನ ಬಳಿಗೆ ಪ್ರತಿ ವರ್ಷ ಹಾಗೆ ಒಂದೆರಡು ಬರುತ್ತವೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಕಷ್ಟ. ಆಮಾಗಳು ಬೆಂಕಿ ಕಾಯಿಸಿಕೊಳ್ಳುವ ಗುಡಿಸಲಿನ ಮಾದರಿಯಲ್ಲಿ ಊಟ ಬಡಿಸುವ ಜಾಗಗಳು ಅಲ್ಲಿವೆ. ಮೊದಲೇ ಕಾದಿರಿಸಿದರೆ ಆಮಾಗಳೇ ಎದುರಿಗೆ ಕುಳಿತು ಕೆಂಡದ ಮೇಲೆ ಚಿಪ್ಪು ಸುಟ್ಟು ಕೊಡುತ್ತಾ ಮಾತನಾಡುತ್ತಾರೆ. ಮೀನು ತಿನ್ನುವವರು ತಪ್ಪಿಸಿಕೊಳ್ಳಬಾರದು. ತಿನ್ನದವರು ಬುತ್ತಿ ಕಟ್ಟಿಕೊಂಡು ಹೋಗಿ. ತೊಕೊರೊತೆನ್ ಎಂಬುದನ್ನು ಮಾತ್ರ ಕೇಳಿ ನೋಡಿ. ಆಮಾಗಳು ಕಿತ್ತು ತರುವ ತೆನ್‌ಗುಸಾ ಪಾಚಿಯನ್ನು ಕುದಿಸಿ, ಹೆಪ್ಪುಗಟ್ಟಿಸಿ, ಶಾವಿಗೆಯಂತೆ ಒತ್ತಿದ್ದು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಮಾರುವ ವಸ್ತುವಿನ ತವರು ಇದೇ. ಕಪ್ಪು ಬೆಲ್ಲದ ಪಾಕ ಹಾಕಿಸಿಕೊಳ್ಳಿ. ಅದರ ಬದಲು ಹಾಕುವ ಹುಳಿರಸದಲ್ಲಿ ಮೀನಿನ ರಸ ಇರಬಹುದು.

ದಡದಲ್ಲಿ ಚಿಪ್ಪು ಕಂಡರೆ ಮಕ್ಕಳು ಎತ್ತಿಕೊಳ್ಳಬಹುದೇ?

ಖಾಲಿ ಚಿಪ್ಪು ಬೇರೆ. ಜೀವವಿರುವ ಆವಾಬಿ, ಸಾಜಾಎ, ಪಾಚಿ ಯಾವುದನ್ನೂ ಮುಟ್ಟಬಾರದು. ಅವು ಊರಿನ ಮೀನುಗಾರರ ಹಕ್ಕು. 2020ರ ಡಿಸೆಂಬರಿನಿಂದ ಆವಾಬಿ ಕದ್ದವರಿಗೆ ಮೂರು ವರ್ಷದವರೆಗೆ ಸೆರೆ ಅಥವಾ ಮೂರು ಕೋಟಿ ಯೆನ್‌ವರೆಗೆ ದಂಡ ವಿಧಿಸುವ ಕಾನೂನಿದೆ.

ಆಮಾಗಳು ಪಾಲಿಸಬೇಕಾದ ಕಟ್ಟೂ ಬಿಗಿಯೇ. ಮಿಎಯಲ್ಲಿ 10.6 ಸೆಂಟಿಮೀಟರಿಗಿಂತ ಚಿಕ್ಕ ಆವಾಬಿಯನ್ನು ಕಡಲಿಗೇ ಬಿಡಬೇಕು. ಸೆಪ್ಟೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗೆ, ಅದು ಮರಿಮಾಡುವ ಕಾಲದಲ್ಲಿ, ಹಿಡಿಯುವಂತಿಲ್ಲ. ಪ್ರತಿಯೊಬ್ಬ ಆಮಾಳ ಬಳಿಯೂ ಅಳತೆಯ ಪಟ್ಟಿ ಇರುತ್ತದೆ. ಉಸಿರು ಬಿಗಿಹಿಡಿದು ಕಿತ್ತು ತಂದದ್ದನ್ನು ಅಳೆದು, ಒಂದೆರಡು ಮಿಲಿಮೀಟರ್ ಕಡಿಮೆಯೆಂದು ಮತ್ತೆ ಕೆಳಗೆ ಬಿಟ್ಟು ಬರುತ್ತಾರೆ.

ಈಗಲೂ ಆಮಾಗಳಿದ್ದಾರೆಯೇ?

ಇದ್ದಾರೆ, ಕಡಿಮೆಯಾಗುತ್ತಿದ್ದಾರೆ. 1949ರಲ್ಲಿ ಈ ಕರಾವಳಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಆಮಾಗಳಿದ್ದರು. 2017ರ ಹೊತ್ತಿಗೆ ಸುಮಾರು 650. ಅದೇ ವರ್ಷ ತೊಬಾ ಮತ್ತು ಅದರ ಪಕ್ಕದ ಶಿಮಾ ನಗರದ ಆಮಾಗಳ ಕಸುಬನ್ನು ಜಪಾನ್ ಸರ್ಕಾರ ರಾಷ್ಟ್ರದ ಮುಖ್ಯ ಜಾನಪದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಆ ವರ್ಷದ ಆಗಸ್ಟಿನಲ್ಲೇ ಕುರೊಶಿಯೊ ಎಂಬ ಬೆಚ್ಚನೆಯ ಕಡಲ ಹೊಳೆ ದಿಕ್ಕು ಬದಲಿಸಿ ಬಳಸುದಾರಿ ಹಿಡಿಯಿತು. 2025ರ ಏಪ್ರಿಲ್‌ವರೆಗೂ ಹಾಗೇ ಹರಿಯಿತು. ನೀರು ಬೆಚ್ಚಗಾಗಿ ಆವಾಬಿ ಮೇಯುವ ಪಾಚಿಯ ಕಾಡುಗಳು ಬೋಳಾದವು. ಮುಳುಗುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಪಟ್ಟಿಗೆ ಹೆಸರು ಸೇರಿದ್ದಕ್ಕೆ ಸಂತೋಷಪಡುವಾಗ ಕೆಳಗೆ ಪಾಚಿಯಿಲ್ಲದ ಬಂಡೆಯ ಮೇಲೆ ಕೈಯಾಡಿಸುವ ಅಜ್ಜಿಯರನ್ನೂ ನೆನೆಯಬೇಕು. ಗುಡಿಯ ಹತ್ತಿರವೇ ಇರುವ ಆಮಾ ಸಂಸ್ಕೃತಿಯ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಗುಡಿಗೆ ಹೋಗುವ ಮೊದಲೇ ಅಲ್ಲಿ ಅರ್ಧ ಗಂಟೆ ಕಳೆಯಿರಿ. ಬಿಳಿ ಉಡುಪು, ಉಳಿ, ಮರದ ತೊಟ್ಟಿ ಎಲ್ಲವೂ ಇವೆ.

ಯಾವಾಗ ಹೋದರೆ ಒಳ್ಳೆಯದು?

ವಾರದ ನಡುವೆ, ಬೆಳಿಗ್ಗೆ. ಕಲ್ಲುದೇವರ ಹಬ್ಬ ಮೇ 7ರಂದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಚಂಡಮಾರುತದ ಸುದ್ದಿ ನೋಡಿ ಹೊರಡಿ. ಇದು ಭೂಕಂಪದ ಕರಾವಳಿ, 1944ರ ಡಿಸೆಂಬರಿನಲ್ಲಿ ಸುನಾಮಿ ಬಡಿದ ತೀರ. ಎತ್ತರಕ್ಕೆ ಓಡುವ ದಾರಿ ತೋರಿಸುವ ಫಲಕಗಳನ್ನು ಇಳಿದ ಕೂಡಲೇ ನೋಡಿಟ್ಟುಕೊಳ್ಳಿ. ನೆಲ ನಡುಗಿದರೆ ಸಾಮಾನಿಗಾಗಿ ಹಿಂದಿರುಗಬೇಡಿ.

ಹತ್ತಿರದಲ್ಲಿ ಇನ್ನೇನು ನೋಡಬಹುದು?

ಪಕ್ಕದ ಊರು ಕುಜಾಕಿ. ಇಸೆಯ ಮಹಾದೇವಾಲಯಕ್ಕೆ ನೈವೇದ್ಯವಾಗಿ ಹೋಗುವ ಒಣಗಿಸಿದ ಆವಾಬಿ ಅಲ್ಲಿಯೇ ತಯಾರಾಗುತ್ತದೆ. ಸೂರ್ಯದೇವಿಗೆ ನೆಲೆ ಹುಡುಕುತ್ತಾ ಬಂದ ರಾಜಕುಮಾರಿ ಯಾಮಾತೊ-ಹಿಮೆಗೆ ಓಬೆನ್ ಎಂಬ ಆಮಾ ಆವಾಬಿ ಕೊಟ್ಟಳಂತೆ. ರುಚಿಗೆ ಮೆಚ್ಚಿ ಅಂದಿನಿಂದ ಈ ಊರಿನ ಆವಾಬಿ ದೇವಿಗೆ ಸಲ್ಲಲಿ ಎಂದಳಂತೆ. ಆ ಓಬೆನ್‌ಳಿಗೇ ಕುಜಾಕಿಯಲ್ಲಿ ಒಂದು ಗುಡಿ ಇದೆ. ಕಡಲಿಗೆ ಮುಳುಗಿದ ಹೆಂಗಸೊಬ್ಬಳು ದೇವರಾಗಿ ನಿಂತಿದ್ದಾಳೆ. ನಿಮಗೆ ಒಂದೇ ದಿನವಿದ್ದರೆ ಇಸೆಯನ್ನೂ ಓಸಾತ್ಸುವನ್ನೂ ಒಟ್ಟಿಗೆ ತುರುಕಬೇಡಿ. ಇನ್ನೊಂದು ದಿನ ಬಿಡುವು ಮಾಡಿಕೊಳ್ಳಿ.

ಆಮಾಗಳು ಮುಳುಗುವುದನ್ನು ನೋಡಲು ಸಿಗುತ್ತದೆಯೇ?

ತೊಬಾದ ಮಿಕಿಮೊಟೊ ಮುತ್ತಿನ ದ್ವೀಪದಲ್ಲಿ ಬಿಳಿ ಉಡುಪಿನ ಆಮಾಗಳು ಪ್ರವಾಸಿಗರಿಗಾಗಿ ಮುಳುಗಿ ತೋರಿಸುತ್ತಾರೆ. ಓಸಾತ್ಸುವಿನಲ್ಲಿ ಪ್ರದರ್ಶನದ ವೇಳಾಪಟ್ಟಿ ಇಲ್ಲ. ಅಲ್ಲಿನವರು ಕಪ್ಪು ರಬ್ಬರಿನ ಉಡುಪು ತೊಟ್ಟು, ಕಡಲು ಒಪ್ಪಿದ ದಿನ ತಮ್ಮ ಕೆಲಸಕ್ಕೆ ಇಳಿಯುತ್ತಾರೆ. ದಡದಿಂದ ನೋಡಿದರೆ ಅಲೆಗಳ ನಡುವೆ ತೇಲುವ ಒಂದು ಬಣ್ಣದ ತೇಲುಗ, ಅದರ ಬದಿಯಲ್ಲಿ ಒಂದು ತಲೆ. ತಲೆ ಮಾಯವಾಗುತ್ತದೆ. ನೀವು ಅರಿವಿಲ್ಲದೆ ನಿಮ್ಮ ಉಸಿರನ್ನೂ ಹಿಡಿದಿರುತ್ತೀರಿ. ನಿಮ್ಮದು ಮುಗಿದು ಬಿಟ್ಟ ಮೇಲೂ ಅವಳು ಬಂದಿರುವುದಿಲ್ಲ. ಆಮೇಲೆ ನೀರು ಒಡೆದು ತಲೆ ಕಾಣುತ್ತದೆ, ಕಟ್ಟಿದ್ದ ಉಸಿರು ತುಟಿಯ ಸಂದಿನಿಂದ ಸಣ್ಣ ಸಿಳ್ಳಾಗಿ ಹೊರಬರುತ್ತದೆ. ಅದಕ್ಕೆ ಇಸೊಬುಎ, ಕಡಲಂಚಿನ ಕೊಳಲು, ಎಂದು ಹೆಸರು. ಗಾಳಿ ಕಡಲ ಕಡೆಯಿಂದ ಬೀಸುತ್ತಿದ್ದರೆ ದಡದ ಗೋಡೆಯ ಬಳಿ ನಿಂತವರಿಗೂ ಕೇಳಿಸುತ್ತದೆ.